ವಿಳಾಸದ ಬಾಲ

ಮದುವೆಯಾಗಿ ನಂದೂರಿಗೆ ಬಂದ ಹೊಸದರಲ್ಲಿ ಅತ್ತೆಯವರು ನನಗೆ ವಹಿಸಿದ ಮೊದಲ ಕೆಲಸವೆಂದರೆ ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬರುವುದು. ನೌಕರಿ ಮಾಡುವ ಸೊಸೆ, ಬೆಳಿಗ್ಗೆ ಬಸ್ಸಿಗೆ ಓಡುವವಳು, ಗಿರಣಿಯ ಮುಂದೆ ಎಷ್ಟು ಹೊತ್ತು ನಿಂತಾಳು? ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೆ. ಡಬ್ಬಿಯ ಮುಚ್ಚಳದ ಕೆಳಗೆ ಒಂದು ಚೀಟಿ ಇಡುತ್ತಿದ್ದೆ: ‘ರೊಟ್ಟಿಗೆ, ಸಣ್ಣಗೆ’ ಎಂದೋ, ‘ನುಚ್ಚು ಮಾಡಿ’ ಎಂದೋ. ಬಾಗಿಲಲ್ಲಿ ನಿಂತ ಹುಡುಗ ಡಬ್ಬಿಯನ್ನೂ ಚೀಟಿಯನ್ನೂ ಒಳಗೆ ಒಯ್ಯುವನು. ಒಳಗೆ ಹಿಟ್ಟಿನ ಧೂಳಿನಲ್ಲಿ ಮುಳುಗಿದ ಗಿರಣಿಯವನಿಗೆ ಹೊರಗೆ ಯಾರು ಬಂದಿದ್ದಾರೆ, ಯಾಕೆ ಬಂದಿದ್ದಾರೆ ಎಂಬುದು ಕಾಣುತ್ತಿರಲಿಲ್ಲ. ಚೀಟಿ ಏನು ಹೇಳಿತೋ ಅಷ್ಟೇ ಅವನಿಗೆ ಗೊತ್ತು. ಒಮ್ಮೆ ನನ್ನ ಚೀಟಿಗೆ ಎಣ್ಣೆ ತಾಗಿ ಅಕ್ಷರ ಅಳಿಸಿಹೋಗಿತ್ತು. ಅವನು ತನ್ನ ರೂಢಿಯಂತೆ ಸಣ್ಣಗೆ ಬೀಸಿ ಕಳಿಸಿದ. ಅಂದು ಮನೆಯಲ್ಲಿ ನುಚ್ಚಿನ ಬದಲು ಎಲ್ಲರೂ ರೊಟ್ಟಿ ತಿಂದೆವು, ನಾನು ಅದರ ಜೊತೆಗೆ ಅತ್ತೆಯವರ ಬೈಗಳನ್ನೂ ತಿಂದೆ.

ಆ ಚೀಟಿ ಮೂವತ್ತು ವರ್ಷಗಳ ಮೇಲೆ ಇನ್ನೊಂದು ರೂಪದಲ್ಲಿ ನನ್ನ ಕೈಗೆ ಬರುತ್ತದೆಂದು, ಅದರಿಂದ ಒಬ್ಬ ಹುಡುಗಿಯ ಓದು ನಿಲ್ಲುವ ಹಾಗಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಇದು 2021ರ ಮಾತು. ಕೊರೋನಾ ಕಾಲ. ಶಾಲೆಯ ಬಾಗಿಲು ಮುಚ್ಚಿತ್ತು, ಪಾಠವೆಲ್ಲ ಮೊಬೈಲಿನಲ್ಲಿ. ನಾನು ಕನ್ನಡದ ಟೀಚರ್. ಗಣಿತದ ಮಾಸ್ತರರ ಜಾಗ ಖಾಲಿ ಇದ್ದುದರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸುವ ಹೊಣೆಯೂ ನನ್ನ ಕೊರಳಿಗೆ ಬಿದ್ದಿತ್ತು. ಎದುರಿಗೆ ಕೂಡಿಸಿಕೊಂಡು ಕೇಳಿದರೆ ಮಗ್ಗಿ ಬರುತ್ತದೆ. ಮೊಬೈಲಿನಲ್ಲಿ ಹೇಗೆ ಕೇಳುವುದು? ಒಂದು ಕಡೆ ನಾಯಿ ಬೊಗಳುತ್ತದೆ, ಇನ್ನೊಂದು ಕಡೆ ಅಜ್ಜಿ ಕೆಮ್ಮುತ್ತಾಳೆ, ನಡುವೆ ಏಳೇಳಲೆ ಎಷ್ಟೆಂಬುದು ಎಲ್ಲಿಯೋ ತೇಲಿಹೋಗುತ್ತದೆ.

ನನ್ನ ತಂಗಿಯನ್ನು ಕೊಟ್ಟದ್ದು ಕಮಲಾಪುರಕ್ಕೆ, ಕೆಂಪು ಬಾಳೆಹಣ್ಣಿನ ಊರಿಗೆ. ಅವಳ ಮಗ ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದವನು, ಆ ದಿನಗಳಲ್ಲಿ ನಮ್ಮ ಮನೆಗೆ ಬಂದು ಪಡಸಾಲೆಯಲ್ಲೇ ಕಚೇರಿ ಹೂಡಿದ್ದ. ನನ್ನ ಗೋಳಾಟ ಕೇಳಿ ಒಂದು ದಿನ ಹೇಳಿದ:

“ದೊಡ್ಡವ್ವ, ಕಾಲೇಜಿನ್ಯಾಗ ಇದ್ದಾಗ ನಾ ಒಂದು ಮಗ್ಗಿ ಪ್ರೋಗ್ರಾಮ್ ಬರ್ದಿದ್ದೆ. ಹತ್ತು ಪ್ರಶ್ನಿ ಕೇಳ್ತದ, ಅಂಕ ಹೇಳ್ತದ. ಅದನ್ನೇ ಬ್ರೌಸರಿನ್ಯಾಗ ಓಡೂ ಹಂಗ ಮಾಡಿಕೊಡ್ತೀನಿ ತಗೋ.”

ಬ್ರೌಸರ್ ಎಂದರೆ ನಾವು ಮೊಬೈಲಿನಲ್ಲಿ ಅಂತರ್ಜಾಲದ ಪುಟ ತೆರೆದು ನೋಡುವ ಕಿಟಕಿ. ಅವನ ಹಳೆಯ ಪ್ರೋಗ್ರಾಮ್ ಸಿ ಎಂಬ ಭಾಷೆಯಲ್ಲಿತ್ತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ಎಂಬಾತ 1970ರ ದಶಕದ ಆರಂಭದಲ್ಲಿ ರೂಪಿಸಿದ ಭಾಷೆ ಅದು. ಹೆಚ್ಚುಕಡಿಮೆ ನನ್ನ ವಾರಿಗೆಯದು. ಅದರಲ್ಲಿ ಬರೆದದ್ದನ್ನು ಕಂಪೈಲ್ ಮಾಡಬೇಕಂತೆ. ಅಂದರೆ ಮನುಷ್ಯ ಓದುವ ಬರಹವನ್ನು ಯಂತ್ರ ನುಂಗುವ ಹಿಟ್ಟಾಗಿ ಬೀಸುವುದು. ಹಿಂದೆ ಹಾಗೆ ಬೀಸಿದ್ದು ಒಂದೊಂದು ಬಗೆಯ ಕಂಪ್ಯೂಟರಿಗೆ ಒಂದೊಂದು ಥರ ಇರುತ್ತಿತ್ತು, ಬ್ರೌಸರಿನ ಒಳಗೆ ಅದಕ್ಕೆ ಪ್ರವೇಶವಿರಲಿಲ್ಲ. ಈಗ ವೆಬ್ ಅಸೆಂಬ್ಲಿ ಎಂಬ ಹೊಸ ಹದ ಬಂದಿದೆ. 2017ರಲ್ಲಿ ದೊಡ್ಡ ಬ್ರೌಸರುಗಳೆಲ್ಲ ಅದಕ್ಕೆ ಬಾಗಿಲು ತೆರೆದವು, 2019ರ ಡಿಸೆಂಬರಿನಲ್ಲಿ ಅಂತರ್ಜಾಲದ ಮಾನದಂಡಗಳನ್ನು ನಿಶ್ಚಯಿಸುವ ಒಕ್ಕೂಟ ಅದಕ್ಕೆ ಮುದ್ರೆ ಒತ್ತಿತು. ಎಮ್‌ಸ್ಕ್ರಿಪ್ಟನ್ ಎಂಬ ಸಲಕರಣೆಯಲ್ಲಿ ಹಾಕಿ ನಮ್ಮ ಹುಡುಗ ತನ್ನ ಹಳೆಯ ಮಗ್ಗಿಯನ್ನು ಹಾಗೆ ಬೀಸಿದ. ಯಾವ ಮನೆಯ ಮೊಬೈಲಿನಲ್ಲಾದರೂ ಅದು ಓಡತೊಡಗಿತು.

ಆದರೆ ನನ್ನ ತರಗತಿಯಲ್ಲಿ ಮೂವತ್ತೆಂಟು ಮಕ್ಕಳು. ಒಬ್ಬನಿಗೆ ಮೂರರ ಮಗ್ಗಿಯೇ ಕಷ್ಟ, ಇನ್ನೊಬ್ಬಳಿಗೆ ಹದಿನೇಳೂ ಸಾಲದು. ಎಲ್ಲರಿಗೂ ಒಂದೇ ಮಗ್ಗಿ ಕೊಟ್ಟರೆ ಏನು ಬಂತು? “ಒಬ್ಬೊಬ್ಬರಿಗೆ ಒಂದೊಂದು ಮಾಡಿಕೊಡ್ತೀಯೇನೋ ತಮ್ಮಾ?” ಎಂದೆ.

“ಬೀಸಿದ್ದು ಒಂದೇ ಸಾಕು ದೊಡ್ಡವ್ವ. ವಿಳಾಸದ ಹಿಂದ ಒಂದು ಬಾಲ ಹಚ್ಚಿ ಕಳಿಸು, ಅದೇ ತಿಳ್ಕೊಂತದ” ಎಂದ.

ಈ ಬಾಲವನ್ನು ನೀವೂ ನೋಡಿರುತ್ತೀರಿ. ಪುಟದ ವಿಳಾಸ ಮುಗಿದ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಅಲ್ಲಿಯವರೆಗಿನದು ಲಕೋಟೆಯ ಮೇಲಿನ ವಿಳಾಸ ಇದ್ದ ಹಾಗೆ, ಸರಿಯಾದ ಊರಿಗೆ, ಸರಿಯಾದ ಮನೆಗೆ ಮುಟ್ಟಿಸುತ್ತದೆ. ಪ್ರಶ್ನೆಯ ಚಿಹ್ನೆಯ ಆಚೆ ಇರುವುದು ಮನೆಯ ಒಳಗಿನವರಿಗೆ ಹೇಳಿಕಳಿಸಿದ ಮಾತು. ಅದು ಜೋಡಿಜೋಡಿಯಾಗಿ ಇರುತ್ತದೆ: ಹೆಸರು ಸಮ ಇಂಥದ್ದು, ಮಗ್ಗಿ ಸಮ ಇಷ್ಟು. ಒಂದು ಜೋಡಿಗೂ ಇನ್ನೊಂದಕ್ಕೂ ನಡುವೆ ಇಂಗ್ಲಿಷಿನಲ್ಲಿ ‘ಮತ್ತು’ ಎನ್ನಲು ಬರೆಯುವ ಆ ಸುರುಳಿ ಚಿಹ್ನೆ. ಯಾರಾದರೂ ನಿಮಗೆ ಯೂಟ್ಯೂಬಿನ ಅಡುಗೆಯೊಂದನ್ನು ಕಳಿಸಿದಾಗ ಅದು ನೇರವಾಗಿ ಒಗ್ಗರಣೆಯಿಂದಲೇ ಶುರುವಾದದ್ದುಂಟೆ? ಅದು ಬಾಲದ ಮಹಿಮೆ. ಇಷ್ಟನೆಯ ಸೆಕೆಂಡಿನಿಂದ ತೋರಿಸು ಎಂದು ಅದರಲ್ಲಿ ಬರೆದಿರುತ್ತದೆ.

“ಹಂಗಾರ ನಿನ್ನ ಪ್ರೋಗ್ರಾಮು ವಿಳಾಸ ಓದ್ತದೇನು?” ಎಂದು ಕೇಳಿದೆ.

“ಇಲ್ಲ. ಅದು ಒಳಗ ಕುಂತದ, ಅದಕ ಹೊರಗಿಂದು ಏನೂ ಕಾಣಂಗಿಲ್ಲ. ಪುಟದಾಗ ಜಾವಾಸ್ಕ್ರಿಪ್ಟ್ ಅಂತ ಬಾಗಿಲಾಗ ನಿಂತಂವ ಒಬ್ಬ ಇರ್ತಾನ. ಅವ ಬಾಲ ಓದಿ, ಬಿಡಿಸಿ, ಒಂದು ಪಟ್ಟಿ ಮಾಡಿ ಒಳಗ ಕೊಡ್ತಾನ.”

ನನಗೆ ಗಿರಣಿ ಕಣ್ಣ ಮುಂದೆ ಬಂತು. ಬಾಗಿಲ ಹುಡುಗ, ಮುಚ್ಚಳದ ಕೆಳಗಿನ ಚೀಟಿ. ಆ ಪಟ್ಟಿಯ ಮೊದಲ ಸಾಲಿನಲ್ಲಿ ಪ್ರೋಗ್ರಾಮಿನ ಹೆಸರೇ ಇರುತ್ತದಂತೆ, ನಮ್ಮ ಮಾತು ಎರಡನೆಯ ಸಾಲಿನಿಂದ ಶುರು. ಹಾಜರಿ ಪುಸ್ತಕದಲ್ಲಿ ಮೊದಲು ಶಾಲೆಯ ಹೆಸರು, ಆಮೇಲೆ ಮಕ್ಕಳದು ಇದ್ದ ಹಾಗೆ. ಇಷ್ಟೆಲ್ಲ ತಿಳಿದ ಮೇಲೆ ನನಗೆ ಭಾರಿ ಹುರುಪು ಬಂತು. ಅಂದು ರಾತ್ರಿ ಊಟವಾದ ಮೇಲೆ ಕೂತು ಮೂವತ್ತೆಂಟು ಬಾಲ ಬರೆದೆ. ಹೆಸರನ್ನು ಕನ್ನಡದಲ್ಲಿ, ಮಗ್ಗಿಯ ಅಂಕಿಯನ್ನು ಇಂಗ್ಲಿಷಿನಲ್ಲಿ. ಪ್ರತಿ ಸಲ ಮೊಬೈಲಿನ ಕೀಲಿಮಣೆ ಬದಲಿಸಬೇಕು. ಹನ್ನೊಂದು ಗಂಟೆಯ ಹೊತ್ತಿಗೆ ಕಣ್ಣು ಉರಿಯುತ್ತಿತ್ತು, ಆದರೂ ಮುಗಿಸಿಯೇ ಮಲಗಿದೆ.

ಮರುದಿನ ಮಕ್ಕಳು ಆಡಿದರು. ಆಟ ಮುಗಿದಾಗ ಬಂದ ಅಂಕವೂ ತಾನಾಗಿ ಬಾಲಕ್ಕೆ ಸೇರಿಕೊಳ್ಳುವ ಹಾಗೆ ಹುಡುಗ ಮಾಡಿದ್ದ. ಅದು ನಾನೇ ಕೇಳಿದ್ದು, ಮಕ್ಕಳು ಆ ವಿಳಾಸ ನಕಲು ಮಾಡಿ ನನಗೆ ಕಳಿಸಿದರೆ ಸಾಕೆಂದು. ಒಬ್ಬ ತುಂಟ ಬಾಲದಲ್ಲಿದ್ದ 4ನ್ನು ಅಳಿಸಿ 10 ಮಾಡಿ ಕಳಿಸಿದ್ದ. ಪುಟ ತೆರೆದರೆ “ಶಭಾಷ್! ಹತ್ತಕ್ಕೆ ಹತ್ತು!” ಎಂದು ಹೊಗಳಿತು. ನಾನೂ ನಂಬಿದೆ. ಹೊರಗಿನಿಂದ ಬಂದ ಚೀಟಿಯನ್ನು ಕಣ್ಣು ಮುಚ್ಚಿ ನಂಬಬಾರದು ಎಂಬ ಬುದ್ಧಿ ಅಲ್ಲಿಯೇ ಬರಬೇಕಿತ್ತು. ಬರಲಿಲ್ಲ.

ಕೆಲವು ಮಕ್ಕಳಿಗೆ ಪುಟ ತೆರೆಯುವುದೇ ತಿಳಿಯಲಿಲ್ಲ. ‘ಹೀಗೆ ಇರುತ್ತದೆ ನೋಡಿ, ಇದನ್ನು ಒತ್ತಿ’ ಎಂದು ತೋರಿಸಲು, ನನಗೆ ಬಂದಿದ್ದವುಗಳಲ್ಲಿ ಒಂದನ್ನು ಎತ್ತಿ ತರಗತಿಯ ವಾಟ್ಸಪ್ ಗುಂಪಿಗೆ ಹಾಕಿದೆ. ಅದರಲ್ಲಿ ಯಾರ ಹೆಸರೂ ಕಾಣುತ್ತಿರಲಿಲ್ಲ. ಪ್ರಶ್ನೆಯ ಚಿಹ್ನೆಯ ಆಚೆ ಬರೀ ಶೇಕಡಾ ಚಿಹ್ನೆಗಳು, ಇ, ಸೊನ್ನೆ, ಬಿ, ಎರಡು ಎಂದು ಒಂದು ಮಾರುದ್ದ ಮಂತ್ರ. ಇದನ್ನು ಯಾರು ಓದಬಲ್ಲರು ಎಂದುಕೊಂಡೆ.

ನಾನು ಓದಲಾರೆ, ನಿಜ. ಆದರೆ ಬ್ರೌಸರ್ ಓದುತ್ತದೆ. ವಿಳಾಸ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುವಾಗ ಅದರಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವೇ ಚಿಹ್ನೆಗಳಿಗೆ ಮಾತ್ರ ಜಾಗ. ಕನ್ನಡದ ಒಂದೊಂದು ತುಂಡಿಗೂ ಮೂರು ಸಂಕೇತ, ಒಂದೊಂದು ಸಂಕೇತಕ್ಕೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರ, ಒಟ್ಟು ಒಂಬತ್ತು. ನಮ್ಮ ‘ನಂದೂರ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ನ, ಸೊನ್ನೆ, ದ, ಅದರ ಕೊಂಬು, ರ ಎಂದು ಐದು ತುಂಡು. ಬಾಲದಲ್ಲಿ ಅದು 45 ಗುರುತುಗಳಾಗಿ ಹಿಗ್ಗುತ್ತದೆ. ಇದು ಬೀಗವಲ್ಲ, ಬರೀ ವೇಷ. ಪುಟ ತೆರೆದ ಕ್ಷಣ ವೇಷ ಕಳಚಿ ಹೆಸರು ಹೊರಗೆ ಬರುತ್ತದೆ.

ನಾನು ಗುಂಪಿಗೆ ಹಾಕಿದ್ದನ್ನು ಒತ್ತಿದ ಪ್ರತಿಯೊಂದು ಮನೆಯಲ್ಲೂ ಒಬ್ಬ ಹುಡುಗಿಯ ಹೆಸರು ದಪ್ಪಕ್ಷರದಲ್ಲಿ ಮೂಡಿತು. ಕೆಳಗೆ ‘ಹತ್ತಕ್ಕೆ ಎರಡು’.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನಗೆ ತಿಳಿದು ಅಳಿಸುವಷ್ಟರಲ್ಲಿ ಯಾರೋ ಅದನ್ನು ಓಣಿಯ ಗುಂಪಿಗೆ, ಅಲ್ಲಿಂದ ಬೀಗರ ಗುಂಪಿಗೆ ದಾಟಿಸಿಯಾಗಿತ್ತು. ಆ ಹುಡುಗಿ ಮಾತು ಕಡಿಮೆ, ಹಿಂದಿನ ಬೆಂಚಿನವಳು. ತಂದೆ ತೊಗರಿಬೇಳೆ ಮಿಲ್ಲಿನಲ್ಲಿ ಹಮಾಲಿ ಮಾಡುವವರು. ಮರುದಿನದಿಂದ ಅವಳ ಸುಳಿವೇ ಇಲ್ಲ. ನಾಲ್ಕು ದಿನ ಕಾದೆ. ಐದನೆಯ ದಿನ ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಅವರ ಮನೆಗೆ ಹೋದೆ.

ಹುಡುಗಿ ಮನೆಯಲ್ಲಿರಲಿಲ್ಲ. ತಾಯಿಯ ಮುಖ ಬಿಗಿದುಕೊಂಡಿತ್ತು. “ತೊಗರಿ ಹೊಲದಾಗ ಕಸ ತೆಗಿಲಾಕ ಹೋಗ್ಯಾಳ್ರಿ ಅಕ್ಕೋರೆ. ಹತ್ತಕ್ಕ ಎರಡು ತಗೊಳಾಕಿಗಿ ಇನ್ನ ಸಾಲಿ ಯಾಕಂತ ಅವರಪ್ಪ ಅಂದ್ರು. ಬೀಗರು ಸೈತ ಕೇಳಿ ನಕ್ಕಾರ್ರಿ” ಎಂದಳು.

ನನಗೆ ಕುಳಿತ ನೆಲ ಕುಸಿದಂತಾಯಿತು. ಆ ವರ್ಷ ಹೀಗೆ ಹೊಲಕ್ಕೆ ಹೋದ ಮಕ್ಕಳೆಲ್ಲ ಮರಳಿ ಬೆಂಚಿಗೆ ಬರಲಿಲ್ಲ. ನನ್ನ ಕಣ್ಣ ಮುಂದೆಯೇ ಇಬ್ಬರು ಹುಡುಗಿಯರು ಜಾರಿಹೋಗಿದ್ದರು. ಮೂರನೆಯವಳನ್ನು ನಾನೇ ತಳ್ಳಿದೆನೆ?

ಸಂಜೆಯವರೆಗೆ ಅಲ್ಲೇ ಕೂತೆ. ಹುಡುಗಿ ಬಂದಳು. ಕಾಲಿಗೆ ಕರಿ ಮಣ್ಣು ಮೆತ್ತಿತ್ತು, ಕೈಗೆ ಹುಲ್ಲಿನ ಹಸಿರು ಹತ್ತಿತ್ತು. ಏನು ಕೇಳಬೇಕೋ ತಿಳಿಯದೆ, “ಏಳರ ಮಗ್ಗಿ ಅಷ್ಟು ಕಷ್ಟ ಆಯ್ತೇನವ್ವಾ?” ಎಂದೆ.

“ಏಳಲ್ಲ ಟೀಚರ್, ಹತ್ತೊಂಬತ್ತರದು ಬಂದಿತ್ತು” ಎಂದಳು ನೆಲ ನೋಡುತ್ತ. “ಏಳರದು ನಂಗ ಬರ್ತದ.” ಅಂದವಳೇ ಒಂದೇ ಉಸಿರಿನಲ್ಲಿ ಏಳರ ಮಗ್ಗಿ ಒಪ್ಪಿಸಿಬಿಟ್ಟಳು. ಹತ್ತೊಂಬತ್ತರಲ್ಲಿ ಅವಳಿಗೆ ಬಂದದ್ದು ಎರಡೇ: ಹತ್ತೊಂಬತ್ತೊಂದಲೆ, ಹತ್ತೊಂಬತ್ತತ್ತಲೆ.

“ಮತ್ತ ಅವತ್ತೇ ಯಾಕ ಹೇಳಲಿಲ್ಲ?”

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಟೀಚರ್ ನಂಗ ದೊಡ್ಡ ಮಗ್ಗಿ ಕೊಟ್ಟಾರ, ನಾ ಶಾಣ್ಯಾಕಿ ಅಂತ ತಿಳ್ಕೊಂಡಾರ ಅಂತ ಖುಷಿ ಆಗಿತ್ರಿ.”

ಆ ಮಾತು ಕೇಳಿದ ಮೇಲೆ ನಾನು ಮನೆಗೆ ಹೇಗೆ ಬಂದೆನೋ ನನಗೇ ಗೊತ್ತಿಲ್ಲ.

ಹುಡುಗ ಆ ಬಾಲವನ್ನು ತೆರೆದು ನೋಡಿದ. ಮಗ್ಗಿಯ ಮುಂದೆ 7 ಇರಬೇಕಾದ ಕಡೆ ಅಲ್ಲಿಯೂ ಒಂದು ಮಂತ್ರವಿತ್ತು: ಇ ಸೊನ್ನೆ, ಬಿ ಮೂರು, ಎ ಡಿ. ಅದು ಕನ್ನಡದ ೭. ಮೂವತ್ತೇಳನೆಯ ಹೆಸರೋ ಮೂವತ್ತೆಂಟನೆಯದೋ, ನಿದ್ದೆಗಣ್ಣಿನಲ್ಲಿ ಕೀಲಿಮಣೆ ಬದಲಿಸದೆ ನಾನು ಕನ್ನಡ ಅಂಕಿಯನ್ನೇ ಒತ್ತಿದ್ದೆ. ಜೀವಮಾನವೆಲ್ಲ ಕರಿಹಲಗೆಯ ಮೇಲೆ ಕನ್ನಡ ಅಂಕಿ ಬರೆದ ಕೈ ಅದು, ತಪ್ಪೆಂದು ಅದಕ್ಕೆ ಅನಿಸಲೇ ಇಲ್ಲ.

ಬಾಲದಲ್ಲಿ ಹೋಗುವುದೆಲ್ಲ ಅಕ್ಷರವಾಗಿಯೇ ಹೋಗುತ್ತದೆ, ನಾವು 7 ಎಂದು ಬರೆದರೂ ಒಳಗೆ ಮುಟ್ಟುವುದು ಏಳು ಎಂಬ ಗುರುತು ಮಾತ್ರ. ಅದನ್ನು ಎಣಿಕೆಯ ಏಳಾಗಿ ಪ್ರೋಗ್ರಾಮೇ ಮಾಡಿಕೊಳ್ಳಬೇಕು. ಹುಡುಗ ಬಳಸಿದ ಹಳೆಯ ವಿಧಾನಕ್ಕೆ ಗೊತ್ತಿದ್ದುದು ಇಂಗ್ಲಿಷ್ ಅಂಕಿಗಳಷ್ಟೇ. ಬೇರೆ ಏನು ಬಂದರೂ ಅದು ಜಗಳ ತೆಗೆಯುವುದಿಲ್ಲ, ಸುಮ್ಮನೆ ಸೊನ್ನೆ ಎನ್ನುತ್ತದೆ. ಸೊನ್ನೆ ಬಂದರೆ ಚೀಟಿ ಕೊಟ್ಟಿಲ್ಲವೆಂದು ತಿಳಿದು ತನ್ನ ರೂಢಿಯ ಮಗ್ಗಿ ಕೇಳಲಿ ಎಂದು ಅವನು ಬರೆದಿದ್ದ. ಕಾಲೇಜಿನ ದಿನಗಳ ಉಮೇದಿನಲ್ಲಿ ಆ ರೂಢಿಯ ಮಗ್ಗಿಯನ್ನು 19 ಎಂದು ಇಟ್ಟಿದ್ದ. ಎಣ್ಣೆ ತಾಗಿದ ಚೀಟಿ, ರೂಢಿಯಂತೆ ಬೀಸಿದ ಗಿರಣಿಯವ.

“ತಪ್ಪು ನಂದು ದೊಡ್ಡವ್ವ. ತಿಳೀಲಿಲ್ಲಂದ್ರ ತಿಳೀಲಿಲ್ಲ ಅಂತ ಹೇಳ್ಬೇಕಿತ್ತು ಅದು” ಎಂದ.

“ನಿಂದು ಅರ್ಧ, ನಂದು ಒಂದೂವರಿ” ಎಂದೆ.

ಅವನು ಅಂದೇ ರಾತ್ರಿ ಕೂತು ತಿದ್ದಿದ. ಈಗ ಕನ್ನಡ ಅಂಕಿ ಕೊಟ್ಟರೂ ಅದಕ್ಕೆ ತಿಳಿಯುತ್ತದೆ. ತಿಳಿಯದ್ದು ಬಂದರೆ ‘ಮಗ್ಗಿ ಯಾವುದು, ಟೀಚರನ್ನು ಕೇಳಿ’ ಎಂದು ನಿಂತುಬಿಡುತ್ತದೆ. ಒಂದರಿಂದ ಇಪ್ಪತ್ತರ ಆಚೆಯ ಸಂಖ್ಯೆಯನ್ನು ಒಪ್ಪುವುದಿಲ್ಲ. ಹೆಸರನ್ನು ಮಗು ಪುಟದ ಒಳಗೇ ಬರೆದುಕೊಳ್ಳುತ್ತದೆ, ಅದು ಅಲ್ಲೇ ಉಳಿಯುತ್ತದೆ. ಅಂಕವನ್ನು ಮಗು ನನಗೊಬ್ಬಳಿಗೇ ಹೇಳುತ್ತದೆ. ಬಾಲದಲ್ಲಿ ಉಳಿದದ್ದು ಮಗ್ಗಿಯ ಅಂಕಿಯೊಂದೇ.

ಮಂತ್ರದಂತೆ ಕಾಣುವುದು ಗುಟ್ಟಲ್ಲವೆಂದು ತಿಳಿದ ಮೇಲೆ ಅವನನ್ನು ಇನ್ನಷ್ಟು ಕೇಳಿ ತಿಳಿದುಕೊಂಡೆ. ಇಂದು ಹೆಚ್ಚಿನ ಪುಟಗಳ ವಿಳಾಸ ದಾರಿಯಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲೇ ಹೋಗುತ್ತದೆ. ಆದರೆ ಹೊರಟ ಮೊಬೈಲಿನ ಇತಿಹಾಸದಲ್ಲಿ ಅದು ಬಾಲಸಮೇತ ಬರೆದಿಡಲ್ಪಡುತ್ತದೆ, ತಲುಪಿದ ಕಡೆಯ ಕಂಪ್ಯೂಟರಿನ ದಫ್ತರಿನಲ್ಲೂ ಸಾಮಾನ್ಯವಾಗಿ ಬರೆದಿಡಲ್ಪಡುತ್ತದೆ. ಪ್ರಶ್ನೆಯ ಚಿಹ್ನೆಯ ಬದಲು ನಾಲ್ಕು ಗೆರೆಗಳ ಜಾಲರಿಯಂಥ ಚಿಹ್ನೆ ಹಾಕಿ ಬರೆದರೆ ಆಚೆಯ ಮಾತು ಆ ದೂರದ ಕಂಪ್ಯೂಟರಿಗೆ ಹೋಗುವುದಿಲ್ಲ, ಬ್ರೌಸರಿನಲ್ಲೇ ನಿಲ್ಲುತ್ತದೆ. ಹಾಗಿದ್ದರೂ ನಾವೇ ಆ ವಿಳಾಸವನ್ನು ಇನ್ನೊಬ್ಬರಿಗೆ ದಾಟಿಸಿದರೆ ಅದೂ ಜೊತೆಗೇ ಹೋಗುತ್ತದೆ. ಕೈಯಿಂದ ಕೈಗೆ ಹೋಗುವ ಕಾರ್ಡಿನ ಮೇಲೆ ಮನೆಯ ಮಾತು ಬರೆಯಬಾರದೆಂದು ನಮ್ಮ ತಾಯಂದಿರಿಗೆ ಗೊತ್ತಿತ್ತು. ಅಂಥ ಮಾತಿಗೆ ಅವರು ಇನ್‌ಲ್ಯಾಂಡ್ ಪತ್ರ ತರಿಸುತ್ತಿದ್ದರು, ಅಂಚಿಗೆ ಅಂಟು ಹಚ್ಚುತ್ತಿದ್ದರು.

ಮರುದಿನ ಗುಂಪಿನಲ್ಲಿ ನಾನು ಬರೆದೆ: ಆ ಅಂಕ ಹುಡುಗಿಯದಲ್ಲ, ನನ್ನದು. ನಾನು ಅಂಕಿಯನ್ನು ತಪ್ಪು ಒತ್ತಿದ್ದರಿಂದ ಆಕೆಗೆ ಕಲಿಸದ ಮಗ್ಗಿ ಹೋಯಿತು, ಆಕೆಯ ಹೆಸರನ್ನು ಎಲ್ಲರ ಮುಂದೆ ಹಾಕಿದ್ದೂ ನಾನೇ. ಆಮೇಲೆ ಮಿಲ್ಲು ಬಿಡುವ ಹೊತ್ತಿಗೆ ಅವರ ಮನೆಗೆ ಹೋಗಿ ತಂದೆಯ ಎದುರಿಗೂ ಇದನ್ನೇ ಹೇಳಿದೆ. ಆತ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ನೀವು ಓದಿದವರು ತಪ್ಪಾತು ಅಂತ ಹೇಳಾಕ ಮನಿತನಕ ಬಂದ್ರಲ್ರಿ ಮೇಡಂ. ಸಾಲಿ ತೆರೀಲಿ, ಕಳಿಸ್ತೀನಿ” ಎಂದರು. ಹುಡುಗಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ನಾನು ಏಳುವಾಗ ಮೆಲ್ಲಗೆ ಕೇಳಿದಳು: “ಟೀಚರ್, ಮಗ್ಗಿ ಕೇಳಾಕ ನನ್ನ ಹೆಸರು ಯಾಕ ಬೇಕಿತ್ರಿ?”

ಬಿ.ಎಡ್. ಮಾಡಿದ ನನಗಾಗಲಿ, ಎಂಜಿನಿಯರ್ ಆದ ಅವನಿಗಾಗಲಿ ಹೊಳೆಯದ ಪ್ರಶ್ನೆ ಅದು. ಬೇಕಿರಲಿಲ್ಲ. ಪುಟದ ಮೇಲೆ ಹೆಸರು ಚೆಂದ ಕಾಣುತ್ತದೆಂದು ಹಾಕಿದ್ದೆವು, ಅಷ್ಟೆ.

ಸೆಪ್ಟೆಂಬರಿನಲ್ಲಿ ಎಂಟನೆಯ ತರಗತಿ ತೆರೆದಾಗ ಅವಳು ಬಂದಳು. ಈ ಸಲ ಎರಡನೆಯ ಬೆಂಚಿನಲ್ಲಿ ಕೂತಳು. ದೀಪಾವಳಿಯ ಹೊತ್ತಿಗೆ ಹತ್ತೊಂಬತ್ತರ ಮಗ್ಗಿಯನ್ನು ತಾನಾಗಿ ಬಂದು ಒಪ್ಪಿಸಿದಳು. 2024ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಕಲಬುರಗಿಯಲ್ಲೇ ಕಾಲೇಜು ಸೇರಿದಳು.

ಈಗ ನನಗೆ ಯಾರಾದರೂ ಏನಾದರೂ ಕಳಿಸಿದರೆ ಮುಂದೆ ದಾಟಿಸುವ ಮೊದಲು ಪ್ರಶ್ನೆಯ ಚಿಹ್ನೆಯನ್ನು ಹುಡುಕುತ್ತೇನೆ. ಅದರಾಚೆಗಿನದನ್ನು ತೆಗೆದೂ ಪುಟ ತೆರೆದರೆ ಬಾಲವಿಲ್ಲದೆಯೇ ಕಳಿಸುತ್ತೇನೆ. ತೆರೆಯದಿದ್ದರೆ ಅದರಲ್ಲಿ ಯಾರ ಮನೆಯ ಮಾತಿದೆಯೋ ಎಂದು ಒಂದು ಗಳಿಗೆ ಯೋಚಿಸುತ್ತೇನೆ. ಮನೆಯವರು “ಇದೇನು ಕಾಳು ಆರಿಸ್ತೀಯಾ ಮೊಬೈಲಿನ್ಯಾಗ?” ಎಂದು ನಗುತ್ತಾರೆ. ಹೌದು, ಕಾಳು ಆರಿಸುವ ಕೆಲಸವೇ. ಅಕ್ಕಿಯಲ್ಲಿ ಕಲ್ಲು ಉಳಿದರೆ ಹಲ್ಲು ಯಾರದು ಮುರಿಯುತ್ತದೋ ಹೇಳಲಾಗದು.

ಕಳೆದ ತಿಂಗಳು ಆ ಹುಡುಗಿಯಿಂದ ಒಂದು ಸಂದೇಶ ಬಂತು. ಕಾಲೇಜಿನ ಕಾರ್ಯಕ್ರಮದಲ್ಲಿ ಗೆಳತಿಯರೊಡನೆ ಹಾಡಿದ್ದಾಳಂತೆ, ಅದರ ವಿಡಿಯೋ. ವಿಳಾಸ ಚಿಕ್ಕದಾಗಿ, ಚೊಕ್ಕವಾಗಿ ಇತ್ತು. ಕೆಳಗೆ ಒಂದು ಸಾಲು ಬರೆದಿದ್ದಳು:

“ಬಾಲ ಕತ್ತರಿಸಿ ಕಳಿಸೀನ್ರಿ ಟೀಚರ್, ಧೈರ್ಯಲೆ ಒತ್ರಿ.”